ಅರ್ಜಿ ಫಾರಂನ ಜಾತಿ ಕಾಲಂ

ಕಾಲೇಜಿನ ಅರ್ಜಿ ಫಾರಂ ಅನ್ನುವುದು ನಾಲ್ಕು ಪುಟದ ಕಾಗದ. ಹೆಸರು, ಅಪ್ಪನ ಹೆಸರು, ಊರು, ಹುಟ್ಟಿದ ತಾರೀಖು, ಜಾತಿ, ಅಪ್ಪನ ಕಸುಬು, ವರಮಾನ, ಪಡೆದ ಅಂಕ. ಇಷ್ಟನ್ನು ತುಂಬಿ, ಕೆಳಗೆ ಸಹಿ ಮಾಡಿ, ಕಿಟಕಿಯೊಳಗೆ ಕೈ ಚಾಚಿದರೆ ಆಯಿತು. ಆಮೇಲೆ ಆ ಕಾಗದ ಎಲ್ಲಿಗೆ ಹೋಗುತ್ತೆ, ಯಾರು ಓದುತ್ತಾರೆ, ಯಾರ ಬಾಯಿಗೆ ಬೀಳುತ್ತೆ ಅಂತ ಕೇಳುವ ರೂಢಿ ನಮ್ಮಲ್ಲಿಲ್ಲ. ಸೀಟು ಸಿಕ್ಕರೆ ಸಾಕಪ್ಪ ಅನ್ನುವವನಿಗೆ ಹಾಗೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ನಾನು ಡಿಗ್ರಿಗೆ ಸೇರಿದ ವರ್ಷ ನಡೆದದ್ದನ್ನು ಹೇಳುತ್ತೇನೆ. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಸೀಟು ಸಿಕ್ಕವರ ಪಟ್ಟಿ ಹಾಕಿದ್ದರು. ಕೆಲವು ಹೆಸರುಗಳ ಮುಂದೆ ಕೆಂಪು ಇಂಕಿನಲ್ಲಿ ಜಾತಿ, ಅದರ ಪಕ್ಕದಲ್ಲಿ ಅಪ್ಪನ ಕಸುಬು, ವರ್ಷದ ವರಮಾನ. ಉಳಿದ ಹೆಸರುಗಳ ಮುಂದೆ ಬರೀ ಅಂಕ. ನಮ್ಮೂರ ಪಕ್ಕದ ಊರಿನ ಹುಡುಗನೊಬ್ಬ ಆಗಷ್ಟೇ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಜಾತಿ ಅಂತ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮನೆಯ ಮಾಲೀಕನ ಮಗ ಅದೇ ಕಾಲೇಜಿನವನು. ಅವನು ಬೋರ್ಡು ಓದಿಕೊಂಡು ಹೋದ. ಸಾಯಂಕಾಲದ ಹೊತ್ತಿಗೆ ನಮ್ಮ ಹುಡುಗನ ಟ್ರಂಕು, ಸೀಮೆಎಣ್ಣೆ ಸ್ಟೌ ಜಗುಲಿಯ ಮೇಲಿದ್ದವು. ಮುಂಗಡದ ಹಣವನ್ನು ಕೈಗೆ ಕೊಡಲಿಲ್ಲ, ಜಗುಲಿಯ ಮೇಲಿಟ್ಟು ಒಳಗೆ ಹೋದರು. ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿದ. ನಾಲ್ಕನೇ ತಿಂಗಳು ಬರಲಿಲ್ಲ.

ಯಾರು ತಪ್ಪು ಮಾಡಿದರು? ಗುಮಾಸ್ತರನ್ನು ಕೇಳಿದರೆ, ನಿಯಮದ ಪ್ರಕಾರ ಪಟ್ಟಿ ಹಾಕಿದ್ದೇವೆ, ರಿಸರ್ವೇಷನ್ ಕೊಟ್ಟಿದ್ದೇವೆ ಅಂತ ತೋರಿಸಬೇಡವೇ ಅಂದರು. ಅವರ ಮಾತಿನಲ್ಲೂ ಅರ್ಧ ನಿಜ ಇತ್ತು. ಆವತ್ತು ನನಗೆ ಅನ್ನಿಸಿದ್ದು, ಈ ಜಾತಿ ಕಾಲಮ್ಮನ್ನೇ ಹರಿದು ಒಲೆಗೆ ಹಾಕಬೇಕು ಅಂತ. ಇವತ್ತು ಹಾಗನ್ನಿಸುವುದಿಲ್ಲ. ಯಾಕೆ ಅನ್ನಿಸುವುದಿಲ್ಲ ಅನ್ನುವುದಕ್ಕೆ ಈ ಕಾಲಮ್ಮಿನ ಚರಿತ್ರೆಯನ್ನೇ ಬಿಚ್ಚಿ ನೋಡಬೇಕು.

*

1856ರ ಜೂನ್ ತಿಂಗಳು. ಧಾರವಾಡ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಅಲ್ಲಿಯ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಲು ಹೋದ. ಎಲ್ಲರಂತೆ ಫೀಜು ಕಟ್ಟುವುದಕ್ಕೆ ತಯಾರಿದ್ದ. ಸೇರಿಸಿಕೊಳ್ಳಲಿಲ್ಲ. ಅವನ ಪರವಾಗಿ ಬಾಂಬೆ ಸರ್ಕಾರಕ್ಕೆ ಅರ್ಜಿ ಹೋಯಿತು. ಸರ್ಕಾರ ಕೊಟ್ಟ ಉತ್ತರದ ಸಾರಾಂಶ ಇದು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಬಂದವನು ಒಬ್ಬನೇ ಮಹಾರ್, ಅವನೊಬ್ಬನಿಗಾಗಿ ಶಾಲೆಗೆ ಬರುವ ಜಾತಿಯವರನ್ನೆಲ್ಲ ಎದುರು ಹಾಕಿಕೊಂಡರೆ ಶಾಲೆಯೇ ಖಾಲಿಯಾಗುತ್ತದೆ. ನ್ಯಾಯ ನಿನ್ನದು, ಜಾಗ ಮಾತ್ರ ಅವರದು!

1857ರ ಜನವರಿಯಲ್ಲಿ ಭಾರತ ಸರ್ಕಾರ ಇದನ್ನು ನೋಡಿ, ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಯಾವ ಸರ್ಕಾರಿ ಶಾಲೆಯೂ ಹೊರಗಿಡುತ್ತಿರಲಿಲ್ಲ ಎಂದು ಬರೆಯಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ತತ್ವ ಹೇಳಿದರು. ಬಾಂಬೆ, ಮದರಾಸು, ಕಲಕತ್ತ ವಿಶ್ವವಿದ್ಯಾಲಯಗಳು ಹುಟ್ಟಿದ್ದೂ ಅದೇ 1857ರಲ್ಲಿ. ಒಂದು ಕಡೆ ವಿಶ್ವವಿದ್ಯಾಲಯದ ಬಾಗಿಲು ಕಟ್ಟುತ್ತಿದ್ದರು, ಇನ್ನೊಂದು ಕಡೆ ಒಬ್ಬ ಹುಡುಗ ಕೆಳಗಿನ ಮೆಟ್ಟಿಲಿಗೆ ಕಾಲಿಡಬಹುದೇ ಅನ್ನುವುದರ ಮೇಲೆ ಮೂರು ಸರ್ಕಾರಗಳು ಕಾಗದ ಬರೆದುಕೊಳ್ಳುತ್ತಿದ್ದವು.

ಇಲ್ಲಿ ಒಂದು ಸಂಗತಿ ಗಮನಿಸಿ. ಆ ಹುಡುಗನಿಗೆ ಓದುವ ಆಸೆ ಎಷ್ಟಿತ್ತು, ಏನು ಕಲಿತಿದ್ದ, ಅಪ್ಪ ಅಮ್ಮ ಯಾರು? ಈ ಕಥೆ ಹೇಳುವವರು ಯಾರೂ ಅದನ್ನು ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ಉಳಿದಿರುವ ವಿವರ ಒಂದೇ, ಅವನ ಜಾತಿ. ಅರ್ಜಿದಾರನ ಮಾಹಿತಿಯನ್ನು ಒಂದು ಶಾಲೆ ಹೇಗೆ ಬಳಸಿಕೊಂಡಿತು ಅನ್ನುವುದಕ್ಕೆ ನಮ್ಮ ನೆಲದ ಹಳೆಯ ಸಾಕ್ಷಿ ಇದು. ಆ ವಿವರ ಬಾಗಿಲು ಹಾಕುವುದಕ್ಕೆ ಬಂತು. ಮನುಷ್ಯನನ್ನು ಅಳಿಸಿ ಕಾಲಮ್ಮನ್ನು ಮಾತ್ರ ಉಳಿಸಿಕೊಂಡರು.

1882ರ ಹಂಟರ್ ಆಯೋಗ ಮತ್ತೆ ಅದೇ ಮಾತು ಹೇಳಿತು: ಜಾತಿಯ ಕಾರಣಕ್ಕೆ ಯಾವ ಹುಡುಗನನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡಕೂಡದು. ತತ್ವವನ್ನು ಎರಡು ಸಲ ಹೇಳಬೇಕಾಯಿತು ಅಂದರೆ ಮೊದಲನೇ ಸಲ ಹೇಳಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ ಅಂತಲೇ ಅರ್ಥ.

1900ರ ನವೆಂಬರ್ 7ರಂದು ಸಾತಾರಾದ ಸರ್ಕಾರಿ ಹೈಸ್ಕೂಲಿನ ದಾಖಲಾತಿ ಪುಸ್ತಕದಲ್ಲಿ ಒಂದು ಹೆಸರು ಬಿತ್ತು: ಭಿವಾ ರಾಮ್‌ಜಿ ಆಂಬೇಡ್ಕರ್. ಕ್ರಮಸಂಖ್ಯೆ 1914. ಹೆಸರೇನೋ ಪುಸ್ತಕದಲ್ಲಿ ಸೇರಿತು, ಹುಡುಗ ಮಾತ್ರ ತರಗತಿಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂರಬೇಕು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಧಾರವಾಡದ ಹುಡುಗನಿಗೆ ಪುಸ್ತಕದಲ್ಲೇ ಜಾಗ ಇರಲಿಲ್ಲ, ಸಾತಾರಾದ ಹುಡುಗನಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು, ಬೆಂಚಿನ ಮೇಲೆ ಸಿಗಲಿಲ್ಲ. ನಮ್ಮ ವಿದ್ಯಾಭ್ಯಾಸದ ಚರಿತ್ರೆ ಎಂದರೆ ಪುಸ್ತಕದ ಸಾಲಿನಿಂದ ಬೆಂಚಿನ ಸಾಲಿಗೆ ನಡೆದ ದಾರಿ. ಆ ದಾರಿ ಇನ್ನೂ ಮುಗಿದಿಲ್ಲ.

*

ಈಗ ಅದೇ ಕಾಲಮ್ಮಿನ ಇನ್ನೊಂದು ಮುಖ ನೋಡೋಣ.

ಶಾಲಾ ಕಾಲೇಜುಗಳಲ್ಲಿ ಜಾತಿ ಬರೆದುಕೊಂಡರಲ್ಲ, ಅದನ್ನೆಲ್ಲ ಕೂಡಿಸಿ ಲೆಕ್ಕ ಮಾಡಿದಾಗ ಏನು ಕಂಡಿತು? ಸರ್ಕಾರದ ವಿದ್ಯಾ ಇಲಾಖೆಗಳು ವರ್ಷ ವರ್ಷವೂ ಯಾವ ಜಾತಿಯ ಮಕ್ಕಳು ಎಷ್ಟು ಅಂತ ವರದಿ ಬರೆಯುತ್ತಿದ್ದವು. ಬರೆದವರು ಆಡಳಿತದ ಅನುಕೂಲಕ್ಕೆ ಬರೆದಿಟ್ಟುಕೊಂಡರು. ಅದೇ ಲೆಕ್ಕ ತಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ ಅಂತ ಪಟ್ಟಭದ್ರರಿಗೆ ಹೊಳೆದಿರಲಿಕ್ಕಿಲ್ಲ.

ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ವಿಶ್ವವಿದ್ಯಾಲಯ ಬಂತು. ಎರಡೇ ವರ್ಷಕ್ಕೆ, 1918ರಲ್ಲಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲು ಎಷ್ಟು ಅಂತ ನೋಡಲು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. 1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು. ಲೆಕ್ಕ ಇಲ್ಲದೆ ಇದು ಆಗುತ್ತಿತ್ತೆ? ಆಗುತ್ತಿರಲಿಲ್ಲ. ಆದರೆ ಬ್ರಾಹ್ಮಣೇತರ ಅನ್ನುವುದು ಒಂದು ದೊಡ್ಡ ಚೀಲ. ಅದರಲ್ಲಿ ನಮ್ಮವರೂ ಬಿದ್ದರು. ಚೀಲದ ಬಾಯಿಯ ಹತ್ತಿರ ಇದ್ದವರು ಮೊದಲು ಹೊರಗೆ ಬಂದರು, ತಳದಲ್ಲಿದ್ದವರು ತಳದಲ್ಲೇ ಉಳಿದರು. ಕಾಲಂ ಇದ್ದರೆ ಸಾಲದು, ಅದನ್ನು ಹೇಗೆ ಸೀಳುತ್ತಾರೆ ಅನ್ನುವುದೂ ಮುಖ್ಯ ಅಂತ ಮಿಲ್ಲರ್ ವರದಿ ಕಲಿಸಿತು.

ಈ ಸೀಳುವ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಅಂಬೇಡ್ಕರ್. 1927ರ ಮಾರ್ಚ್‌ನಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ವಿದ್ಯಾಭ್ಯಾಸದ ಹಣದ ಮೇಲೆ ಮಾತನಾಡುತ್ತ ಅವರು ಸರ್ಕಾರದ ಅಂಕಿಗಳನ್ನೇ ಸರ್ಕಾರದ ಮುಖಕ್ಕೆ ಹಿಡಿದರು. ಪ್ರತಿ ಎರಡು ಲಕ್ಷ ಜನಸಂಖ್ಯೆಗೆ ಕಾಲೇಜಿನಲ್ಲಿದ್ದವರು ಎಷ್ಟು? ಮುಂದುವರಿದ ಹಿಂದೂಗಳಲ್ಲಿ 1000, ಮುಸಲ್ಮಾನರಲ್ಲಿ 52, ಮಧ್ಯಮ ಜಾತಿಗಳಲ್ಲಿ 14. ಅಸ್ಪೃಶ್ಯರನ್ನು ಒಳಗೊಂಡ ಹಿಂದುಳಿದ ವರ್ಗದ ಎದುರು ಹೆಚ್ಚುಕಡಿಮೆ ಸೊನ್ನೆ. ಆ ಸೊನ್ನೆಯನ್ನು ಎತ್ತಿ ತೋರಿಸುವುದಕ್ಕೆ ಜಾತಿ ಕಾಲಂ ಬೇಕಾಯಿತು. ಮರುವರ್ಷ, 1928ರಲ್ಲಿ, ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಆ ಹುಡುಗನ ಪ್ರಕರಣವನ್ನೂ ಕಡತದ ಧೂಳಿನಿಂದ ಎತ್ತಿ ಇಟ್ಟರು. ಬಾಗಿಲು ಹಾಕಲು ಬಳಸಿದ ದಾಖಲೆ 72 ವರ್ಷದ ಮೇಲೆ ಬಾಗಿಲು ಒದೆಯಲು ಬಂತು.

ಇಷ್ಟು ತಿಳಿದ ಮೇಲೆ, ಕಾಲಂ ಹರಿದು ಹಾಕಿ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನಾವು ಎಲ್ಲಿಲ್ಲ ಅನ್ನುವುದನ್ನು ತೋರಿಸಲು ನಾವು ಯಾರು ಅನ್ನುವುದು ಬರೆದಿರಬೇಕು.

*

ಸ್ವಾತಂತ್ರ್ಯ ಬಂದ ಮೇಲೆ ಜಗಳ ಕೋರ್ಟಿಗೆ ಹೋಯಿತು. ಮದರಾಸು ಪ್ರಾಂತ್ಯದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳನ್ನು ಜಾತಿವಾರು ಹಂಚುವ ಆಜ್ಞೆ ಇತ್ತು. ನಮ್ಮ ಮಂಗಳೂರು, ಬಳ್ಳಾರಿಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. 1950ರಲ್ಲಿ ಚಂಪಕಂ ದೊರೈರಾಜನ್ ಎಂಬ ಬ್ರಾಹ್ಮಣ ಮಹಿಳೆ, ಈ ಆಜ್ಞೆಯಿಂದ ತನಗೆ ಮೆಡಿಕಲ್ ಸೀಟು ತಪ್ಪುತ್ತದೆ ಅಂತ ಹೈಕೋರ್ಟಿಗೆ ಹೋದರು. 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಆಜ್ಞೆಯನ್ನು ರದ್ದು ಮಾಡಿತು. ಸ್ವಾರಸ್ಯ ಏನು ಗೊತ್ತೆ? ಅವರು ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ವಿಚಾರಿಸಿ ನೋಡಿದೆ, ಸಿಗುವುದಿಲ್ಲ ಅಂತ ತಿಳಿಯಿತು ಎಂದರು. ಅಷ್ಟಕ್ಕೇ ದೇಶದ ದೊಡ್ಡ ನ್ಯಾಯಾಲಯ ಕಿವಿ ಕೊಟ್ಟಿತು. ಅರ್ಜಿ ಹಾಕಿ, ಫೀಜು ಹಿಡಿದು ನಿಂತ ಧಾರವಾಡದ ಹುಡುಗನನ್ನು ನೆನೆಸಿಕೊಳ್ಳಿ. ಅದೇ ವರ್ಷ ಜೂನ್‌ನಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು, 15ನೇ ವಿಧಿಗೆ 4ನೇ ಉಪವಿಧಿ ಸೇರಿತು. ಕಾಲಂ ಉಳಿಯಿತು.

ಆಮೇಲಿನ ಜಗಳ ಮೈಸೂರಿನದು. ನಾಗನಗೌಡ ಸಮಿತಿಯ ವರದಿಯ ಬೆನ್ನಿಗೆ 1962ರ ಜುಲೈ 31ರಂದು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಟ್ಟು 68 ಭಾಗ ಸೀಟು ಮೀಸಲಿಟ್ಟಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಎರಡು ತಿಂಗಳಾಗುವುದರೊಳಗೆ, ಸೆಪ್ಟೆಂಬರ್‌ನಲ್ಲಿ, ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಅತಿಯಾಯಿತು, ಜಾತಿಯೊಂದನ್ನೇ ಹಿಡಿದು ಹಿಂದುಳಿದಿರುವಿಕೆಯನ್ನು ಅಳೆಯಬೇಡಿ ಅಂದಿತು.

ಸರ್ಕಾರ ಏನು ಮಾಡಿತು? 1963ರಲ್ಲಿ ಹಿಂದುಳಿದ ವರ್ಗಕ್ಕೆ ಜಾತಿ ಬಿಟ್ಟು ಬೇರೆ ಎರಡು ಕಾಲಂ ಹಿಡಿಯಿತು. ಒಂದು, ಮನೆಯ ವರಮಾನ ವರ್ಷಕ್ಕೆ 1200 ರೂಪಾಯಿ ಮೀರಬಾರದು. ಇನ್ನೊಂದು, ಅಪ್ಪನ ಕಸುಬು ಬೇಸಾಯವೋ, ಚಿಲ್ಲರೆ ವ್ಯಾಪಾರವೋ, ಕೆಳದರ್ಜೆ ನೌಕರಿಯೋ, ಕೈಕಸುಬೋ, ಮೈಮುರಿಯುವ ದುಡಿಮೆಯೋ ಆಗಿರಬೇಕು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಬೇಸಾಯಗಾರನ ವರಮಾನವನ್ನು ಯಾರು ಬರೆದುಕೊಡುತ್ತಾರೆ? ಊರಿನ ಶಾನುಭೋಗ. ನೂರು ಎಕರೆಯವನಿಗೂ 1200ರ ಒಳಗಿನ ಸರ್ಟಿಫಿಕೇಟು ಸಿಗುತ್ತದೆ, ಕೂಲಿಯವನು ಅದಕ್ಕೇ ಮೂರು ದಿನ ಕೂಲಿ ಕಳೆದುಕೊಂಡು ಅಲೆಯಬೇಕು. ಜಾತಿಯನ್ನು ಊರೇ ಬಲ್ಲದು, ವರಮಾನವನ್ನು ಬಲ್ಲವನು ಬರೆಯುವವನೊಬ್ಬನೇ.

ಇನ್ನೊಂದು ತಂತ್ರವೂ ಆಗ ಬಲವಾಯಿತು: ಸಂದರ್ಶನ. ಅಂಕದ ಜೊತೆಗೆ ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಆಟೋಟ, ನಾಟಕ, ಚರ್ಚಾಸ್ಪರ್ಧೆ, ಎನ್‌ಸಿಸಿ ಅಂತ ಮುಖ ನೋಡಿ ಕೊಡುವ ಅಂಕ. ಮೈಸೂರಿನಲ್ಲಿ ಇದು ಲಿಖಿತ ಪರೀಕ್ಷೆಯ ಅಂಕಗಳ ಕಾಲು ಭಾಗದಷ್ಟಿತ್ತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಸಂದರ್ಶನ ತಪ್ಪಲ್ಲ ಅಂದಿತು. ಹಟ್ಟಿಯ ಹುಡುಗ ಎಲ್ಲಿ ನಾಟಕ ಆಡಿದ್ದ, ಎಲ್ಲಿ ಡಿಬೇಟು ಮಾಡಿದ್ದ? ಮೇಜಿನ ಆಚೆ ಕೂತವರು ಕೇಳುವುದು ಮೊದಲು ಊರು, ಆಮೇಲೆ ಅಪ್ಪ ಏನು ಮಾಡುತ್ತಾನೆ. ಇದು ನನ್ನ ಕಹಿ ಮಾತಲ್ಲ. 1980ರಲ್ಲಿ ಅಜಯ್ ಹಾಸಿಯಾ ಪ್ರಕರಣದಲ್ಲಿ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಸಂದರ್ಶನದ ಬಗ್ಗೆ ಇದೇ ದೂರು ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ, ಕೇಳಿದ್ದು ತಂದೆ ತಾಯಿ, ವಾಸದ ಊರಿನ ಪ್ರಶ್ನೆಗಳು. ಸಂದರ್ಶನಕ್ಕೆ ಮೂರನೇ ಒಂದು ಭಾಗ ಅಂಕ ಇಡುವುದು ಅನ್ಯಾಯ, 15 ಭಾಗ ಮೀರಬಾರದು ಅಂತ ಕೋರ್ಟು ಹೇಳಿತು. ಫಾರಂನಲ್ಲಿ ಜಾತಿ ಕೇಳದಿದ್ದರೆ ಜಾತಿ ಹೋಗುವುದಿಲ್ಲ. ಬಾಯಿಂದ ಕೇಳುತ್ತಾರೆ, ಅಷ್ಟೇ. ಬರೆದುಕೊಂಡ ಜಾತಿಗೆ ಲೆಕ್ಕ ಉಂಟು, ಬಾಯಲ್ಲಿ ಕೇಳಿಕೊಂಡ ಜಾತಿಗೆ ಲೆಕ್ಕವೇ ಇಲ್ಲ.

ಈ ಮಾತು ತಿಳಿದಿದ್ದವರು ಎಲ್.ಜಿ. ಹಾವನೂರರು. ದೇವರಾಜ ಅರಸರ ಸರ್ಕಾರ 1972ರಲ್ಲಿ ನೇಮಿಸಿದ ಅವರ ಆಯೋಗ 1975ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಶಾಲೆ ಹಾಜರಿ ಪುಸ್ತಕ, 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾವ ಜಾತಿಯವರು ಎಷ್ಟು ಪಾಸು ಅನ್ನುವ ಲೆಕ್ಕ, ಇವನ್ನೆಲ್ಲ ಹಿಡಿದು ಮಾಡಿದ ಕೆಲಸ ಅದು. ಹೆಸರೇ ಕೇಳಿರದ ಎಷ್ಟೋ ಸಣ್ಣ ಜಾತಿಗಳು ಸರ್ಕಾರದ ಕಣ್ಣಿಗೆ ಬಿದ್ದದ್ದು ಆ ಲೆಕ್ಕದಿಂದ. ವಿದ್ಯಾರ್ಥಿಗಳು ತಮ್ಮ ಫಾರಂನಲ್ಲಿ ಸುಮ್ಮನೆ ತುಂಬಿದ ಒಂದು ಪದ, ಹಾಗೆ ಕೂಡಿದಾಗ, ಒಂದು ಚಳವಳಿಯ ಕಾಳಾಯಿತು.

*

ಹಾಗಾದರೆ ನೋಟೀಸ್ ಬೋರ್ಡಿನಲ್ಲಿ ಏನು ತಪ್ಪಾಯಿತು? ಒಂದೇ ವಿವರವನ್ನು ಎರಡು ರೀತಿ ಬಳಸಬಹುದು. ಎಲ್ಲರದನ್ನೂ ಕೂಡಿಸಿ ಕಾಲೇಜನ್ನು ಅಳೆಯಬಹುದು. ಇಲ್ಲವೇ ಒಬ್ಬೊಬ್ಬನ ಹಣೆಗೆ ಅಂಟಿಸಿ ಅವನನ್ನು ಅಳೆಯಬಹುದು. ಮೊದಲನೆಯದು ನಮಗೆ ಬೇಕು. ನಮ್ಮ ಕಾಲೇಜುಗಳು ರೂಢಿ ಮಾಡಿಕೊಂಡಿರುವುದು ಎರಡನೆಯದನ್ನು.

ಸ್ಕಾಲರ್‌ಷಿಪ್ಪಿನ ಕಥೆಯನ್ನೇ ನೋಡಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಅಂಬೇಡ್ಕರ್ ವೈಸ್‌ರಾಯ್ ಮಂಡಲಿಯಲ್ಲಿದ್ದ ಕಾಲದಲ್ಲಿ. ಎಷ್ಟು ಮನೆಗಳಲ್ಲಿ ಮೊದಲ ಪದವೀಧರ ಹುಟ್ಟಿದ್ದು ಆ ಹಣದಿಂದ! ಆದರೆ ಅದನ್ನು ಕೊಡುವ ರೀತಿ? ನಡೆಯುತ್ತಿರುವ ಪಾಠದ ಮಧ್ಯೆ ಜವಾನ ಚೀಟಿ ತರುತ್ತಾನೆ, ಮೇಷ್ಟ್ರು ಓದುತ್ತಾರೆ, ಎಸ್ಸಿ ಎಸ್ಟಿ ಹುಡುಗರೆಲ್ಲ ಎದ್ದು ಆಫೀಸಿಗೆ ಹೋಗಬೇಕಂತೆ. ಎದ್ದು ನಿಂತ ಆ ಕ್ಷಣವನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ಕೆಲವರು ಏಳುವುದೇ ಇಲ್ಲ. ಹಣ ಹೋದರೆ ಹೋಗಲಿ ಅಂತ ತಲೆ ತಗ್ಗಿಸಿ ಕೂರುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅದು ಬಳಕೆಯಾಗದ ಅನುದಾನ. 2012ರಲ್ಲಿ ಯುಜಿಸಿ ಹೊರಡಿಸಿದ ಸಮಾನತೆಯ ನಿಯಮಗಳು ತರಗತಿಯಲ್ಲಿ ಜಾತಿಯನ್ನು ಸಾರುವುದು, ರಿಸರ್ವ್ಡ್ ಅಂತ ಹಣೆಪಟ್ಟಿ ಕಟ್ಟುವುದು ತಾರತಮ್ಯ ಅಂತ ಸ್ಪಷ್ಟವಾಗಿ ಹೇಳಿದವು. ಎಷ್ಟು ಮೇಷ್ಟ್ರುಗಳು ಅದನ್ನು ಓದಿದ್ದಾರೆ?

ಮೂಲ ದಾಖಲೆಗಳದು ಇನ್ನೊಂದು ಗೋಳು. ಸೇರುವಾಗ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು ಎಲ್ಲ ಮೂಲಪ್ರತಿ ಕೊಡಬೇಕು. ಸರ್ಕಾರದಿಂದ ಸ್ಕಾಲರ್‌ಷಿಪ್ ತಡವಾದರೆ ಕಾಲೇಜು ಆ ಕಾಗದಗಳನ್ನು ಒತ್ತೆ ಇಟ್ಟುಕೊಳ್ಳುತ್ತದೆ. ಫೀಜು ಕಟ್ಟು, ಕಾಗದ ಒಯ್ಯಿ. ಜೀತಕ್ಕಿಟ್ಟ ಪತ್ರದಂತೆ. 1976ರಲ್ಲಿ ಕಾಯ್ದೆ ಮಾಡಿ ಜೀತ ಬಿಡಿಸಿದರು, ಮಾರ್ಕ್ಸ್ ಕಾರ್ಡನ್ನು ಬಿಡಿಸುವುದಕ್ಕೆ ಇನ್ನೂ ಒದ್ದಾಡುತ್ತಿದ್ದೇವೆ. ಮೂಲ ದಾಖಲೆಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಹಿಡಿದಿಟ್ಟುಕೊಳ್ಳಕೂಡದು ಅಂತ ಯುಜಿಸಿ 2016ರಲ್ಲಿ ಹೇಳಿತು, 2018ರಲ್ಲಿ ಮತ್ತೆ ಹೇಳಿತು. ಹಂಟರ್ ಆಯೋಗದ ಕಥೆಯೇ.

ಇದಕ್ಕೆ ಎದುರಾಗಿ ಕಾಲೇಜಿನ ಗುಟ್ಟುಗಳನ್ನು ನೋಡಿ. ಡೊನೇಷನ್ ಸೀಟಿಗೆ ಯಾರು ಎಷ್ಟು ಕೊಟ್ಟರು? ಅದು ಎಂದಾದರೂ ಬೋರ್ಡಿಗೆ ಬಂದದ್ದುಂಟೆ? ಕರ್ನಾಟಕ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ಮಾಡಿತು. ಐದು ವರ್ಷ ಕಳೆಯುವುದರೊಳಗೆ, 1989ರ ಜೂನ್‌ನಲ್ಲಿ, ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಸರ್ಕಾರವೇ ದರಪಟ್ಟಿ ಬರೆದುಕೊಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2000, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರಗಿನವರಾದರೆ 60,000. ಅರ್ಜಿಯಲ್ಲಿನ ಊರಿನ ಕಾಲಂ ಬೆಲೆಯ ಚೀಟಿಯಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇದು ಬೇರೆ ಹೆಸರಿನ ಕ್ಯಾಪಿಟೇಷನ್ನೇ ಅಂತ ಹೊಡೆದು ಹಾಕಿತು. ಬಡವನ ಅಪ್ಪನ ವರಮಾನ ಬೋರ್ಡಿನ ಮೇಲೆ, ಸಾಹುಕಾರನ ಅಪ್ಪನ ಚೆಕ್ಕು ಬೀರುವಿನ ಒಳಗೆ. ಮಾಹಿತಿಗೂ ಜಾತಿ ಉಂಟು ಸ್ವಾಮಿ. ಕೆಳಗಿನವರದು ಬಯಲು, ಮೇಲಿನವರದು ಗೋಪ್ಯ.

*

1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಬಂತು. ಸಂದರ್ಶನದ ಮೇಜು ಹೋಯಿತು, ಒಂದೇ ಪರೀಕ್ಷೆ, ಒಂದೇ ರ‍್ಯಾಂಕು. ಹಳ್ಳಿಯ ಬಡ ಮಕ್ಕಳಿಗೆ ಇದರಿಂದ ಆದ ಉಪಕಾರವನ್ನು ಮರೆಯಬಾರದು. ಆದರೆ ಜಾತಿ ಕೇಳುವ ನಾಲಿಗೆ ಹೊಸ ಮಾತು ಕಲಿಯಿತು. ಈಗ ಹಾಸ್ಟೆಲಿನಲ್ಲಿ ಕೇಳುವುದು, ನಿನ್ನ ರ‍್ಯಾಂಕ್ ಎಷ್ಟು? ಉತ್ತರ ಕೇಳಿದ ಮೇಲೆ ಜಾತಿ ಬೇರೆ ಕೇಳಬೇಕಾಗಿಲ್ಲ.

ಈಗ ಕಾಗದದ ಫಾರಂ ಕೂಡ ಅಪರೂಪ. ಜಾತಿ, ವರಮಾನದ ಸರ್ಟಿಫಿಕೇಟಿಗೆ ನಾಡಕಚೇರಿ ಕೊಡುವ ಆರ್‌ಡಿ ನಂಬರು, ಆಧಾರ್ ನಂಬರು, ಬ್ಯಾಂಕಿನ ಖಾತೆ, ಫೋಟೋ, ಎಲ್ಲ ಕಂಪ್ಯೂಟರಿಗೆ. ನಮ್ಮ ಹಳ್ಳಿಯ ಮಕ್ಕಳು ಇದನ್ನು ತುಂಬುವುದು ಎಲ್ಲಿ? ತಾಲೂಕು ಕೇಂದ್ರದ ಸೈಬರ್ ಅಂಗಡಿಯಲ್ಲಿ. ಪಾಸ್‌ವರ್ಡ್ ಅಂಗಡಿಯವನೇ ಇಡುತ್ತಾನೆ, ಎಷ್ಟೋ ಸಲ ಓಟಿಪಿ ಬರುವುದೂ ಅವನ ಫೋನಿಗೇ. ಹಿಂದೆ ಬರೆಯಲು ಬಾರದವರು ಶಾನುಭೋಗನ ಮನೆ ಮುಂದೆ ಕೂತಂತೆ ಇಂದು ಕಂಪ್ಯೂಟರಿನ ಮುಂದೆ ಕೂರುತ್ತೇವೆ. ಮೊದಲು ನೋಟೀಸ್ ಬೋರ್ಡನ್ನು ಕಾಲೇಜಿನ ಒಳಗೆ ಬಂದವರು ಮಾತ್ರ ಓದುತ್ತಿದ್ದರು. ಈಗ ಅದೇ ಪಟ್ಟಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಬಿಟ್ಟರೆ ಊರಿಗೆ ಊರೇ ಓದುತ್ತದೆ, ಮಾಲೀಕನ ಮಗ ಕಾಲೇಜಿಗೆ ಬರಬೇಕಾಗಿಯೂ ಇಲ್ಲ.

ಕಾನೂನು ಏನೂ ಮಾಡಲಿಲ್ಲ ಅಂತಲ್ಲ. 2011ರಲ್ಲಿ ಸುಪ್ರೀಂ ಕೋರ್ಟು, ಪರೀಕ್ಷೆ ಬರೆದವನಿಗೆ ಮಾಹಿತಿ ಹಕ್ಕಿನ ಅಡಿಯಲ್ಲಿ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರಲ್ಲಿ ಅದೇ ಕೋರ್ಟು, ಶಾಲೆ ಸೇರುವುದಕ್ಕೆ ಆಧಾರ್ ಕಡ್ಡಾಯ ಅಲ್ಲ ಅಂದಿತು. ಅದೇ ವರ್ಷ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಮಾಹಿತಿ ರಕ್ಷಣೆಗೆ ಒಂದು ಕರಡು ಕೊಟ್ಟಿತು. ಅದರಲ್ಲಿ ಜಾತಿ, ಬುಡಕಟ್ಟು ಎಂಬುದು ವಿಶೇಷ ಕಾವಲು ಬೇಕಾದ ಸೂಕ್ಷ್ಮ ಮಾಹಿತಿ ಅಂತ ಬರೆದಿತ್ತು. ಆದರೆ 2023ರಲ್ಲಿ ಪಾರ್ಲಿಮೆಂಟು ಪಾಸು ಮಾಡಿದ ಕಾಯ್ದೆಯಲ್ಲಿ ಸೂಕ್ಷ್ಮ ಮಾಹಿತಿ ಅನ್ನುವ ವರ್ಗವೇ ಇಲ್ಲ. ಜಾತಿಯೂ ಒಂದೇ, ಮನೆಯ ಪಿನ್‌ಕೋಡೂ ಒಂದೇ. ಯಾವ ಮಾಹಿತಿಗಾಗಿ ಮನೆಯಿಂದ ಹೊರಗೆ ಹಾಕುತ್ತಾರೋ, ಅದನ್ನು ಯಾರೂ ಹೊರಗೆ ಹಾಕದ ಮಾಹಿತಿಯ ಜೊತೆ ಒಂದೇ ತಕ್ಕಡಿಯಲ್ಲಿ ಇಟ್ಟರು.

ಇನ್ನೊಂದು ಹುನ್ನಾರವನ್ನು ನಮ್ಮ ಕಾರ್ಯಕರ್ತರು ಕಣ್ಣಿಟ್ಟು ನೋಡಬೇಕು. ಅದೇ ಕಾಯ್ದೆ 2005ರ ಮಾಹಿತಿ ಹಕ್ಕಿನ ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ವಿವರವನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ವೈಯಕ್ತಿಕ ಮಾಹಿತಿ ಅಂದರೆ ಸಾಕು,ಕೊಡುವುದಿಲ್ಲ ಅನ್ನಬಹುದು. 2025ರ ನವೆಂಬರ್‌ನಲ್ಲಿ ಈ ತಿದ್ದುಪಡಿ ಜಾರಿಗೆ ಬಂತು. ಆದರೆ ನಮ್ಮ ವಿವರಗಳನ್ನು ಕಾಯುವ ಕರ್ತವ್ಯವನ್ನು ಸಂಸ್ಥೆಗಳ ಮೇಲೆ ಹೊರಿಸುವ ಮುಖ್ಯ ಕಲಮುಗಳಿಗೆ ಒಂದೂವರೆ ವರ್ಷದ ಗಡುವು ಕೊಟ್ಟರು. ಅರ್ಥ ಆಯಿತೆ? ಮುಚ್ಚುವ ಬಾಗಿಲು ಅವತ್ತೇ, ಕಾಯುವ ಬಾಗಿಲು ಆಮೇಲೆ. ನಾಳೆ ನೀವು ಹೋಗಿ, ಮೀಸಲು ಸೀಟಿಗೆ ಯಾರನ್ನು ತೆಗೆದುಕೊಂಡಿರಿ, ನಮ್ಮ ಹುಡುಗಿಗಿಂತ ಕಡಿಮೆ ಅಂಕದವರಿಗೆ ಹೇಗೆ ಸಿಕ್ಕಿತು ಅಂತ ಕೇಳಿದರೆ, ಅದು ಬೇರೆಯವರ ಖಾಸಗಿ ಮಾಹಿತಿ ಅನ್ನಬಹುದು. ನೋಟೀಸ್ ಬೋರ್ಡಿನಲ್ಲಿ ನಮ್ಮ ಜಾತಿ ಬರೆಯುವಾಗ ನೆನಪಾಗದ ಖಾಸಗಿತನ, ನಾವು ಪ್ರಶ್ನೆ ಕೇಳುವಾಗ ನೆನಪಾಗುತ್ತದೆ. ಹಾಗೆಂದು ಸುಮ್ಮನಾಗಬೇಡಿ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುವ 8(2) ಕಲಂ ಇನ್ನೂ ಉಳಿದಿದೆ. ಅರ್ಜಿಯಲ್ಲಿ ಅದನ್ನು ಹೆಸರಿಸಿಯೇ ಬರೆಯಿರಿ.

*

ಗೆಳೆಯರೆ, ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ಜಾತಿ ಕಾಲಂ ತೆಗೆಯಿರಿ ಅನ್ನುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಜಾತಿಯ ನಾಶ ಅಲ್ಲ, ಲೆಕ್ಕದ ನಾಶ. ಕಾಲಂ ಇರಲಿ. ಆದರೆ ಅದು ಕಾಲೇಜನ್ನು ಅಳೆಯುವ ಕೋಲಾಗಿರಲಿ, ನಮ್ಮ ಮಕ್ಕಳ ಹಣೆಯ ಬರೆ ಆಗುವುದು ಬೇಡ. ಒಬ್ಬೊಬ್ಬನ ವಿವರ ಮುಚ್ಚಿರಬೇಕು, ಒಟ್ಟು ಲೆಕ್ಕ ತೆರೆದಿರಬೇಕು. ಈಗ ನಡೆಯುತ್ತಿರುವುದು ತಲೆಕೆಳಗು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಮೇ, ಜೂನ್ ಬಂದಾಗ ಮಕ್ಕಳನ್ನು ಸೈಬರ್ ಅಂಗಡಿಗೆ ಒಬ್ಬರನ್ನೇ ಕಳಿಸಬೇಡಿ. ಜೊತೆಗೆ ಹೋಗಿ, ಪಾಸ್‌ವರ್ಡನ್ನು ಮಗುವಿನ ಕೈಯಲ್ಲೇ ಬರೆಸಿ, ಫೋನ್ ನಂಬರು ಮನೆಯದೇ ಇರಲಿ. ಮೂಲ ದಾಖಲೆ ಕೊಡಬೇಕಾಗಿ ಬಂದರೆ ರಸೀದಿ ಕೇಳಿ, ಪರಿಶೀಲನೆ ಮುಗಿದ ದಿನವೇ ವಾಪಸ್ ಕೇಳಿ.

ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ಪ್ರಿನ್ಸಿಪಾಲರ ಮುಂದೆ ನಿಲ್ಲಿ. ಪಟ್ಟಿ ಹಾಕುವುದಾದರೆ ಅರ್ಜಿ ಸಂಖ್ಯೆ ಹಾಕಿ, ಹೆಸರಿನ ಪಕ್ಕ ಅಪ್ಪನ ಕಸುಬು, ವರಮಾನ ಬೇಡ ಅನ್ನಿ. ಸ್ಕಾಲರ್‌ಷಿಪ್ಪಿನ ಚೀಟಿಯನ್ನು ತರಗತಿಯಲ್ಲಿ ಓದುವುದು ನಿಲ್ಲಿಸಿ ಅನ್ನಿ. ಅದರ ಬದಲು ಇದನ್ನು ಬೋರ್ಡಿಗೆ ಹಾಕಿ ಅನ್ನಿ: ಎಷ್ಟು ಅರ್ಜಿ ಬಂದವು, ಯಾವ ವರ್ಗದ ಸೀಟು ಎಷ್ಟು, ತುಂಬಿದ್ದು ಎಷ್ಟು, ಖಾಲಿ ಉಳಿದದ್ದು ಎಷ್ಟು, ಯಾಕೆ ಉಳಿಯಿತು, ಮೊದಲ ವರ್ಷ ಸೇರಿದವರಲ್ಲಿ ಕೊನೆಯ ವರ್ಷಕ್ಕೆ ಬಂದವರು ಎಷ್ಟು. ಈ ಪಟ್ಟಿಯಲ್ಲಿ ಯಾರ ಹೆಸರೂ ಬೇಕಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಹೋದರೆ ಕಾಲೇಜಿನದು ಹೋಗಬೇಕು.

ನಾಲ್ಕನೇ ತಿಂಗಳು ಬರದೇ ಹೋದ ನಮ್ಮ ಹುಡುಗ ಆ ಕೊನೆಯ ಲೆಕ್ಕದಲ್ಲಿ ಸೇರಬೇಕಾಗಿತ್ತು. ಅವನು ಸೇರಿದ್ದನ್ನು ಕೆಂಪು ಇಂಕಿನಲ್ಲಿ ಬರೆದವರು ಅವನು ಬಿಟ್ಟುಹೋದದ್ದನ್ನು ಯಾವ ಇಂಕಿನಲ್ಲೂ ಬರೆಯಲಿಲ್ಲ. ಅದನ್ನು ಬರೆಸುವ ಕೆಲಸ ನಮ್ಮದು.